ಗಾನದ ತಟ್ಟೆಗಳಿಗೆ ತಕ್ಕ ಹೊದಿಕೆ



ಯಲಹಂಕ, ಹೆಬ್ಬಾಳ, ಯಶವಂತಪುರಗಳ ಹಳೆಯ ಮನೆಗಳಲ್ಲಿ ಅಟ್ಟವನ್ನು ಶೋಧಿಸಿದರೆ ಹಿರಿಯರ ಗ್ರಾಮಫೋನ್ ಪ್ಲೇಟುಗಳು ದೊರೆಯುವುದುಂಟು. ಅವುಗಳನ್ನು ಇರಿಸುವ ಬಗೆ ಅವರವರ ಅಭಿರುಚಿಗೆ ಬಿಟ್ಟ ವಿಷಯವೆಂದು ಹಲವರ ಎಣಿಕೆ. ಆದರೆ ಅಭಿರುಚಿಗಿಂತ ಮೊದಲು ವಸ್ತುಸ್ವಭಾವವನ್ನು ಅರಿಯುವುದು ಲೇಸು.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಯು ಅರಗು ಮತ್ತು ಕಲ್ಲಿನ ಪುಡಿಗಳ ಮಿಶ್ರಣ. ಬಿಸಿಲಿಗೆ ಅದು ಬಾಗುವುದು, ಬಿದ್ದರೆ ಒಡೆಯುವುದು, ಮದ್ಯಸಾರದಿಂದ ಒರೆಸಿದರೆ ಕರಗುವುದು. ಆದಕಾರಣ ಕಾದ ತಾರಸಿಯ ಕೆಳಗಿನ ಅಟ್ಟ ಅದಕ್ಕೆ ತಕ್ಕ ಸ್ಥಳವಲ್ಲ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ತಂಪಾದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸತಕ್ಕದ್ದು.

ಹೊದಿಕೆಯ ವಿಷಯದಲ್ಲಿ ಕೆಲವರಿಗೆ ಪುಸ್ತಕದಂತಹ ಆಲ್ಬಮ್ ಪ್ರಿಯ. ಕೆಲವರಿಗೆ ಪ್ಲಾಸ್ಟಿಕ್ ಚೀಲ. ಆಲ್ಬಮಿನಿಂದ ಎಳೆಯುವಾಗ ತಟ್ಟೆಯ ಅಂಚು ಮುರಿಯುವ ಭಯವಿದೆ. ಪ್ಲಾಸ್ಟಿಕ್ಕಿನೊಳಗೆ ತೇವ ನಿಲ್ಲುವುದು. ಆಮ್ಲರಹಿತವಾದ ಕಾಗದದ ಚೀಲವೇ ಉತ್ತಮ. ಅಂಗಡಿಯ ಮುದ್ರೆಯುಳ್ಳ ಹಳೆಯ ಚೀಲವನ್ನು ಮಾತ್ರ ಎಸೆಯಬಾರದು. ಪ್ಲೇಟು ಯಾವ ಊರಿನಲ್ಲಿ ಮಾರಾಟವಾಯಿತೆಂಬುದಕ್ಕೆ ಅದೊಂದು ಸಾಕ್ಷಿ, ಬೇರೆಯಾಗಿ ಕಾದಿಡಿರಿ.

ಇಷ್ಟು ಶ್ರಮವೇಕೆಂದು ಕೇಳಬಹುದು. 1902ರಲ್ಲಿ ಕಲ್ಕತ್ತೆಯಲ್ಲಿ ಮೊದಮೊದಲ ಭಾರತೀಯ ತಟ್ಟೆಗಳಿಗೆ ಹಾಡಿದ ಗೌಹರ್ ಜಾನ್ ನಮ್ಮ ಮೈಸೂರಿನಲ್ಲಿಯೇ 1930ರಲ್ಲಿ ಕಣ್ಮುಚ್ಚಿದಳು. ಆಕೆಯ ಕಂಠ ಇಂದಿಗೂ ಉಳಿದು ಬಂದಿರುವುದು ಆ ಗೆರೆಗಳ ದೆಸೆಯಿಂದಲೇ. ಆದರೆ ಮರುಮುದ್ರಣ ಕಾಣದ ಗಾಯಕರೂ ಅನೇಕರು. ನಿಮ್ಮ ಅಟ್ಟದಲ್ಲಿರುವುದೇ ಅಂತಹವರೊಬ್ಬರ ಕಡೆಯ ಪ್ರತಿಯಾಗಿರಬಹುದು. ಅದು ಒಡೆದರೆ ಒಂದು ತಟ್ಟೆಯಲ್ಲ, ಒಂದು ಕಂಠವೇ ಲೋಪವಾದೀತು.