ಗ್ರಾಫೀನೆಂಬ ಇಂಗಾಲವೂ ನಿರ್ಮಲ ರಸಾಯನ ವಿದ್ಯೆಯೂ

(ಉಪನ್ಯಾಸ)



ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ಸೀಮೆಗಳಿಗೂ ನದಿಗಳೇ ಜೀವಾಳವಾಗಿರುವುವು. ಕಾವೇರಿಯು ಪಿರಿಯಾಪಟ್ಟಣದ ಅಂಚನ್ನು ಸವರಿ, ಕೃಷ್ಣರಾಜನಗರದ ಸೀಮೆಯ ಚುಂಚನಕಟ್ಟೆಯಲ್ಲಿ ಧುಮ್ಮಿಕ್ಕುವಳು. ಲಕ್ಷ್ಮಣತೀರ್ಥವು ಹುಣಸೂರಿನ ಮಗ್ಗುಲಲ್ಲಿ ಹರಿದು ಕನ್ನಂಬಾಡಿಯ ಜಲಾಶಯವನ್ನು ಸೇರುವುದು. ಕಪಿಲೆಯು ಹೆಗ್ಗಡದೇವನಕೋಟೆಯ ಬೀಚನಹಳ್ಳಿಯ ಅಣೆಕಟ್ಟನ್ನು ದಾಟಿ ನಂಜನಗೂಡಿನತ್ತ ಸಾಗುವಳು. ಆ ನಂಜನಗೂಡಿನಲ್ಲಿ ಔಷಧಗಳ ಮೂಲದ್ರವ್ಯಗಳನ್ನು ತಯಾರಿಸತಕ್ಕ ಕಾರ್ಖಾನೆಗಳುಂಟು. ಆದುದರಿಂದ ರಸಾಯನ ಪದಾರ್ಥಗಳನ್ನು ನೀರು ಕೆಡಿಸದೆ ತಯಾರಿಸುವುದು ಹೇಗೆಂಬ ಪ್ರಶ್ನೆಯು ದೂರದ ಪಂಡಿತರ ಗೋಷ್ಠಿಗೆ ಮಾತ್ರ ಸೇರಿದುದಲ್ಲ. ಈ ನದಿಗಳ ನೀರನ್ನು ಕುಡಿಯುವ ಪ್ರತಿಯೊಂದು ಮನೆಗೂ ಸೇರಿದುದು.

ಜ್ವರದ ಗುಳಿಗೆ, ಬಟ್ಟೆಯ ಬಣ್ಣ, ಸುಗಂಧದ್ರವ್ಯ ಮೊದಲಾದುವುಗಳಲ್ಲಿ ಬಹುಪಾಲು ಇಂಗಾಲದ ಸಂಯುಕ್ತಗಳೇ. ಸರಳವಾದ ಇಂಗಾಲ ಸಂಯುಕ್ತಗಳನ್ನು ಜೋಡಿಸಿ, ಮಾರ್ಪಡಿಸಿ, ಬೇಕಾದ ಪದಾರ್ಥವನ್ನು ಕಟ್ಟುವ ಕ್ರಮಕ್ಕೆ ಸಾವಯವ ಸಂಶ್ಲೇಷಣೆಯೆಂದು ಹೆಸರು. ಈ ಕ್ರಮದಲ್ಲಿ ಬೇಕಾದ ವಸ್ತುವಿನೊಡನೆ ಬೇಡವಾದುದೂ ಹುಟ್ಟುವುದು. ಅದೆಷ್ಟೆಂಬುದನ್ನು ರೋಜರ್ ಷೆಲ್ಡನ್ ಎಂಬ ರಸಾಯನಶಾಸ್ತ್ರಜ್ಞರು 1992ರಲ್ಲಿ ಲೆಕ್ಕಹಾಕಿ ತೋರಿಸಿದರು. ಸೂಕ್ಷ್ಮ ರಾಸಾಯನಿಕಗಳ ತಯಾರಿಕೆಯಲ್ಲಿ ಒಂದು ಕಿಲೋ ಸರಕಿಗೆ 5ರಿಂದ 50 ಕಿಲೋಗಳವರೆಗೂ, ಔಷಧಗಳ ತಯಾರಿಕೆಯಲ್ಲಿ 25ರಿಂದ 100 ಕಿಲೋಗಳವರೆಗೂ ಕಸ ಉಳಿಯುವುದೆಂಬುದು ಆ ಲೆಕ್ಕದ ಸಾರ. ಒಂದು ಸೇರು ಅಕ್ಕಿಗಾಗಿ ನೂರು ಸೇರು ಹೊಟ್ಟನ್ನು ಅಂಗಳದಲ್ಲಿ ರಾಶಿಹಾಕುವ ರೈತನುಂಟೆ? ಹೊಟ್ಟಾದರೂ ಒಲೆಗೆ ಆಗುವುದು. ಆಮ್ಲ, ಲವಣ, ದ್ರಾವಕಗಳ ಈ ಕಸವನ್ನು ಹಾಗೆ ಬಿಟ್ಟರೆ ನೆಲಕ್ಕೂ ನೀರಿಗೂ ಕೇಡು. 1998ರಲ್ಲಿ ಪಾಲ್ ಅನಸ್ಟಾಸ್, ಜಾನ್ ವಾರ್ನರ್ ಎಂಬಿಬ್ಬರು ಹಸುರು ರಸಾಯನದ ಹನ್ನೆರಡು ತತ್ತ್ವಗಳನ್ನು ಪ್ರಕಟಿಸಿದರು. ಕಸವು ಹುಟ್ಟಿದ ಮೇಲೆ ಶುದ್ಧಿಮಾಡುವುದಕ್ಕಿಂತ ಹುಟ್ಟದಂತೆ ತಡೆಯುವುದು ಲೇಸೆಂಬುದೇ ಅವುಗಳಲ್ಲಿ ಮೊದಲನೆಯದು. ಕ್ರಿಯಾವರ್ಧಕಗಳನ್ನು ಬಳಸಬೇಕೆಂಬುದು ಒಂಬತ್ತನೆಯದು.

ಕ್ರಿಯಾವರ್ಧಕವೆಂದರೇನು? ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಮಗುವಿಗೆ ಅಂಬಲಿ ಕಾಸುವ ತಾಯಿಗೆ ಇದು ತಿಳಿದ ಸಂಗತಿಯೇ. ಮೊಳಕೆಯ ಹಿಟ್ಟಿನ ಅಂಬಲಿಯು ತೆಳ್ಳಗೂ ಸಿಹಿಯಾಗಿಯೂ ಆಗುವುದು. ಮೊಳೆಯುವ ಕಾಳಿನಲ್ಲಿ ಹುಟ್ಟಿದ ಒಂದು ದ್ರವ್ಯವು ಪಿಷ್ಟವನ್ನು ಒಡೆದು ಸಕ್ಕರೆಯ ಜಾತಿಗೆ ತಿರುಗಿಸುವುದೇ ಇದಕ್ಕೆ ಕಾರಣ. ಆ ದ್ರವ್ಯವು ಅತ್ಯಲ್ಪವಾದರೂ ರಾಶಿ ಪಿಷ್ಟವನ್ನು ಮಾರ್ಪಡಿಸುವುದು, ಆ ಕ್ರಿಯೆಯಲ್ಲಿ ತಾನು ವ್ಯಯವಾಗದು. ಇಂಥ ಪದಾರ್ಥಗಳ ಗುಣವನ್ನು ಗುರುತಿಸಿ 1835ರಲ್ಲಿ ಹೆಸರಿಟ್ಟವರು ಸ್ವೀಡನ್ ದೇಶದ ಬರ್ಜೀಲಿಯಸ್ ಪಂಡಿತರು. ಒಳ್ಳೆಯ ಕ್ರಿಯಾವರ್ಧಕವಿದ್ದರೆ ಕಡಿಮೆ ಶಾಖದಲ್ಲಿ, ಕಡಿಮೆ ಕಾಲದಲ್ಲಿ, ಕಡಿಮೆ ಕಸದೊಡನೆ ಕೆಲಸವು ಮುಗಿಯುವುದು.

ಇನ್ನು ಗ್ರಾಫೀನಿನ ವಿಚಾರ. ಹೆಗ್ಗಡದೇವನಕೋಟೆಯ ಸೀಮೆಯ ಸರಗೂರಿನ ಹೆಸರು ಭೂಗರ್ಭಶಾಸ್ತ್ರದಲ್ಲಿ ಪ್ರಸಿದ್ಧವಾಗಿರುವುದು. ಮುನ್ನೂರು ಕೋಟಿ ವರ್ಷಗಳಿಗೂ ಹಿಂದಿನದೆಂದು ಎಣಿಸಲಾದ ಒಂದು ಶಿಲಾಸಮೂಹಕ್ಕೆ ಸರಗೂರು ಸಮೂಹವೆಂದೇ ಹೆಸರು. ಅದರ ಪದರುಗಲ್ಲುಗಳಲ್ಲಿ ಕಯನೈಟ್ ಮೊದಲಾದ ಖನಿಜಗಳೊಡನೆ ಗ್ರಾಫೈಟ್ ಕೂಡ ಬೆರೆತಿರುವುದು. ಬಾಲಕರು ಬರೆಯುವ ಪೆನ್ಸಿಲಿನ ಕರಿಯ ಕಡ್ಡಿಯಲ್ಲಿರುವುದು ಇದೇ ಗ್ರಾಫೈಟ್; ಶುದ್ಧ ಇಂಗಾಲದ ಒಂದು ರೂಪ. ಇದರಲ್ಲಿ ಇಂಗಾಲದ ಪರಮಾಣುಗಳು ಜೇನುಗೂಡಿನಂತೆ ಆರು ಮೂಲೆಯ ಮನೆಗಳಾಗಿ ಜೋಡಣೆಗೊಂಡ ಹಾಳೆಗಳು ಒಂದರ ಮೇಲೊಂದು ಒರಗಿರುವುವು. ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟಿನಲ್ಲಿ ಸುಮಾರು 30 ಲಕ್ಷ ಹಾಳೆಗಳು! ಅವುಗಳಲ್ಲಿ ಬಿಡಿಸಿ ತೆಗೆದ ಒಂದೇ ಹಾಳೆಗೆ ಗ್ರಾಫೀನೆಂದು ಹೆಸರು. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ಆಂಡ್ರೆ ಗೈಮ್, ಕಾನ್‌ಸ್ಟಾಂಟಿನ್ ನೊವೊಸೆಲೊವ್ ಎಂಬಿಬ್ಬರು ಅಂಟುಪಟ್ಟಿಯಿಂದ ಗ್ರಾಫೈಟನ್ನು ಮತ್ತೆ ಮತ್ತೆ ಸುಲಿದು ಈ ಹಾಳೆಯನ್ನು ಬೇರ್ಪಡಿಸಿದರು. 2010ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ದೊರಕಿತು. ಕರ್ನಾಟಕದಲ್ಲಿಯೂ ಈ ವಿದ್ಯೆಯು ಬೆಳೆಯಿತು. ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾದ ಭಾರತರತ್ನ ಸಿ.ಎನ್.ಆರ್. ರಾವ್ ಅವರೂ ಅವರ ಶಿಷ್ಯವರ್ಗವೂ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಗ್ರಾಫೀನನ್ನು ಕುರಿತು ವಿಸ್ತಾರವಾಗಿ ಶೋಧಿಸಿರುವರು.

ಈ ಹಾಳೆಯು ಕ್ರಿಯಾವರ್ಧಕಕ್ಕೆ ಒದಗುವುದು ಅದರ ಮೈಯ ವಿಸ್ತಾರದಿಂದ. ಲೆಕ್ಕದ ಪ್ರಕಾರ ಒಂದು ಗ್ರಾಂ ಗ್ರಾಫೀನಿನ ಎರಡು ಮುಖಗಳೂ ಸೇರಿ ಸುಮಾರು 2630 ಚದರ ಮೀಟರ್, ಅರ್ಥಾತ್ 26 ಗುಂಟೆ ಜಮೀನಿನಷ್ಟು. ಕ್ರಿಯೆಗಳು ನಡೆಯುವುದು ಮೈಮೇಲೆಯೇ ಆದುದರಿಂದ ಚಿಟಿಕೆಯಷ್ಟು ಪುಡಿಯೂ ದೊಡ್ಡ ಕಣವಾಗಬಲ್ಲದು. ಈ ಹಾಳೆಗೆ ಆಮ್ಲಜನಕವನ್ನು ಕೂಡಿಸಿದರೆ ಗ್ರಾಫೀನ್ ಆಕ್ಸೈಡ್ ಆಗುವುದು. 2010ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಬೀಲಾವ್ಸ್ಕಿ ಎಂಬವರ ಬಳಗವು ಈ ಆಕ್ಸೈಡನ್ನು ಬಳಸಿ ಬೆಂಜೈಲ್ ಆಲ್ಕೋಹಾಲನ್ನು ಬೆಂಜಾಲ್ಡಿಹೈಡ್ ಆಗಿ, ಅಂದರೆ ಕಹಿ ಬಾದಾಮಿಯ ವಾಸನೆಯ ದ್ರವ್ಯವಾಗಿ, ಮಾರ್ಪಡಿಸಿತು. ಇಂಥ ಉತ್ಕರ್ಷಣಕ್ಕೆ ಹಿಂದೆ ಕ್ರೋಮಿಯಮ್ಮಿನ ವಿಷಮಯ ಲವಣಗಳನ್ನು ಬಳಸುವ ರೂಢಿಯಿದ್ದಿತು. ಲೋಹವನ್ನು ಸೇರಿಸದೆ ಇಂಗಾಲವೊಂದರಿಂದಲೇ ಕಾರ್ಯವನ್ನು ಸಾಧಿಸಬಹುದೆಂಬ ಆಶೆಯು ಇದರಿಂದ ಚಿಗುರಿತು.

ಅದೇ 2010ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಹೆಕ್, ನೆಗಿಷಿ, ಸುಜುಕಿ ಎಂಬ ಮೂವರಿಗೆ ಸಂದಿತು. ಪಲ್ಲಾಡಿಯಂ ಲೋಹದ ನೆರವಿನಿಂದ ಇಂಗಾಲಕ್ಕೆ ಇಂಗಾಲವನ್ನು ಬೆಸೆಯುವ ವಿಧಾನಗಳಿಗಾಗಿ. ಔಷಧಗಳ ತಯಾರಿಕೆಗೆ ಇವು ಬಹಳ ಬೇಕಾದುವು. ಆದರೆ ಪಲ್ಲಾಡಿಯಂ ಬಹು ದುಬಾರಿ, ಔಷಧದಲ್ಲಿ ಅದು ಉಳಿಯಲೂಬಾರದು. ಅದರ ಸೂಕ್ಷ್ಮ ಕಣಗಳನ್ನು ಗ್ರಾಫೀನಿನ ಹಾಳೆಯ ಮೇಲೆ ಕೂರಿಸಿದರೆ, ಕೆಲಸವಾದ ಮೇಲೆ ಸೋಸಿ ತೆಗೆದು ಮತ್ತೆ ಬಳಸಬಹುದು. ಒಂದೇ ವರ್ಷ ಗೌರವ ಪಡೆದ ಎರಡು ವಿದ್ಯೆಗಳು ಹೀಗೆ ಒಂದೆಡೆ ಕೂಡಿದುವು.

ಇಷ್ಟು ಕೇಳಿದವರು ಗ್ರಾಫೀನನ್ನು ಸರ್ವದೋಷ ಪರಿಹಾರಕವೆಂದು ಎಣಿಸಬಾರದು. ಹೊಗೆಸೊಪ್ಪಿನ ದೃಷ್ಟಾಂತವನ್ನು ನೋಡಬಹುದು. ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರನು ಬ್ಯಾರನ್ನಿನಲ್ಲಿ ಸೊಪ್ಪನ್ನು ಹದಮಾಡಿ ಹರಾಜಿಗೆ ಒಯ್ಯುವನು. ಅಲ್ಲಿ ಎಲೆಯ ಹೊಂಬಣ್ಣಕ್ಕೆ ಬೆಲೆ ಕಟ್ಟುವರು. ಆ ಬಣ್ಣಕ್ಕಾಗಿ ಉರಿದ ಸೌದೆಯು ಎಲೆಯ ಮೇಲೆ ಕಾಣದು. ಕಾಣದ ಮಾತ್ರಕ್ಕೆ ಮರವು ಉಳಿಯಿತೆನ್ನಲಾದೀತೆ? ಗ್ರಾಫೀನ್ ಆಕ್ಸೈಡಿನ ಹಿಂದೆಯೂ ಹೀಗೆ ಕಾಣದ ವ್ಯಯವುಂಟು. 1958ರಲ್ಲಿ ಹಮ್ಮರ್ಸ್ ಎಂಬವರು ಪ್ರಕಟಿಸಿದ ವಿಧಾನದಲ್ಲಿ 100 ಗ್ರಾಂ ಗ್ರಾಫೈಟಿಗೆ 2.3 ಲೀಟರ್ ಗಂಧಕಾಮ್ಲ, 300 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್, 50 ಗ್ರಾಂ ಸೋಡಿಯಂ ನೈಟ್ರೇಟ್ ಬೇಕಾದುವು. ಆ ಮೇಲೆ ಆಮ್ಲವು ಹೋಗುವವರೆಗೂ ನೀರಿನಲ್ಲಿ ತೊಳೆಯಬೇಕು. ನೈಟ್ರೇಟನ್ನು ಬಿಟ್ಟು ವಿಷಾನಿಲವು ಹೊರಡದಂತೆ ಮಾಡಿದ ಕ್ರಮವು 2010ರಲ್ಲಿ ಬಂದಿತು. ಗಂಧಕಾಮ್ಲವು ಮಾತ್ರ ಅದರಲ್ಲಿಯೂ ಉಳಿಯಿತು.

ಇನ್ನೆರಡು ಸಂದೇಹಗಳುಂಟು. ಪರ್ಮಾಂಗನೇಟಿನಿಂದ ಬಂದ ಮ್ಯಾಂಗನೀಸ್ ಅಲ್ಪಸ್ವಲ್ಪ ಹಾಳೆಯಲ್ಲಿಯೇ ಉಳಿಯಬಹುದು. ಇಂಗಾಲದ ಮಹಿಮೆಯೆಂದು ಎಣಿಸಿದ ಕೆಲವು ಫಲಗಳು ಈ ಲೋಹಶೇಷದ್ದೇ ಎಂದು ಆಮೇಲಿನ ಪರೀಕ್ಷೆಗಳಿಂದ ತಿಳಿದುಬಂದಿತು. ಎರಡನೆಯದಾಗಿ, ಕೆಲವು ಕ್ರಿಯೆಗಳಿಗೆ ಆಕ್ಸೈಡನ್ನು ಹೇರಳವಾಗಿ ಸುರಿಯಬೇಕಾಗುವುದು. ಪುನಃ ಪುನಃ ಬಳಸಿದಂತೆ ಹಾಳೆಗಳು ಒಂದಕ್ಕೊಂದು ಅಂಟಿ, ಆಮ್ಲಜನಕವನ್ನು ಕಳೆದುಕೊಂಡು, ಶಕ್ತಿಗುಂದುವುದೂ ಉಂಟು.

ಆದುದರಿಂದ ಯಾವ ವಿಧಾನವನ್ನಾದರೂ ನಿರ್ಮಲವೆಂದು ಕರೆಯುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಕ್ರಿಯಾವರ್ಧಕವನ್ನು ಮಾಡುವಾಗ ಏನು ವ್ಯಯವಾಯಿತು? ಅದು ಎಷ್ಟು ಸಲ ನಿಜವಾಗಿ ಕೆಲಸಮಾಡಿತು? ಕೆಲಸಮಾಡಿದುದು ಇಂಗಾಲವೋ, ಅದರಲ್ಲಿ ಅಡಗಿದ ಲೋಹವೋ? ತೊಳೆದ ನೀರು ಎಲ್ಲಿಗೆ ಹೋಯಿತು? ಈ ನಾಲ್ಕಕ್ಕೂ ಸರಿಯಾದ ಉತ್ತರವಿರುವಲ್ಲಿ ಗ್ರಾಫೀನು ಸ್ತುತ್ಯವಾದ ಸಾಧನವು. ಇಲ್ಲದಲ್ಲಿ ಅದು ಕೊಳೆಯನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸಿದಂತಾಯಿತೇ ಹೊರತು ಕಳೆದಂತಾಗಲಿಲ್ಲ.

ಈ ಸೀಮೆಗಳಿಂದ ಪ್ರತಿವರ್ಷವೂ ತರುಣರೂ ತರುಣಿಯರೂ ರಸಾಯನಶಾಸ್ತ್ರವನ್ನು ಓದಲು ಮೈಸೂರಿಗೆ ಹೋಗುತ್ತಿರುವರು. ಅವರಲ್ಲಿ ಕೆಲವರು ನಾಳೆ ಕಾರ್ಖಾನೆಗಳಲ್ಲಿ ತೊಟ್ಟಿಯ ಬಳಿ ನಿಂತು, ಯಾವುದನ್ನು ಹೊರಬಿಡಬೇಕು, ಯಾವುದನ್ನು ಬಿಡಬಾರದು ಎಂದು ನಿಶ್ಚಯಿಸತಕ್ಕವರು. ತೊಳೆದ ನೀರಿನ ಲೆಕ್ಕವನ್ನೂ ಸರಕಿನ ಲೆಕ್ಕದೊಡನೆ ಒಂದೇ ಪುಟದಲ್ಲಿ ಬರೆಯುವ ಅಭ್ಯಾಸವನ್ನು ಅವರಿಗೆ ಹಿರಿಯರು ಈಗಲೇ ಕಲಿಸಲಿ. ಕಪಿಲೆಯೂ ಕಾವೇರಿಯೂ ತಿಳಿಯಾಗಿ ಹರಿಯಲಿ, ಸರ್ವರಿಗೂ ಮಂಗಳವಾಗಲಿ.