ಹೊಸ ಪತ್ರಿಕೆಯೂ ಓದುವ ಮನೆಯೂ



ಹೊಸದೊಂದು ತ್ರೈಮಾಸಿಕ ಪತ್ರಿಕೆಯನ್ನು ಹೊರತರಲು ಸಂಕಲ್ಪಿಸಿ, ಅದರ ವಿಚಾರವಾಗಿ ನಾಲ್ಕು ಮಾತನಾಡಲು ನಮ್ಮನ್ನು ಕರೆದಿದ್ದೀರಿ. ಬರೆಯುವವರು ಯಾರು, ಅಚ್ಚಿನ ಖರ್ಚು ಎಷ್ಟು, ಸಂಪಾದಕರು ಯಾರಾಗಬೇಕು ಎಂಬ ಚರ್ಚೆ ಈಗಾಗಲೇ ನಡೆದಿರುವುದಾಗಿ ತಿಳಿಯಿತು. ಓದುವವರು ಯಾರು ಎಂಬ ಪ್ರಶ್ನೆ ಮಾತ್ರ ಉಳಿದಿದೆ. ಕನ್ನಡಿಗರಿರುವ ಕಡೆ ಕನ್ನಡ ಓದುಗರೂ ಇದ್ದೇ ಇರುತ್ತಾರೆಂದು ನಾವು ಸುಲಭವಾಗಿ ಭಾವಿಸಿಬಿಡುತ್ತೇವೆ. ಪತ್ರಿಕೆಗಳ ಇತಿಹಾಸ ಹಾಗೆ ಹೇಳುವುದಿಲ್ಲ. ಓದುಗ ಸಿದ್ಧವಾಗಿ ದೊರೆಯುವವನಲ್ಲ; ಅವನನ್ನು ಒಂದೊಂದೇ ಮನೆಯಲ್ಲಿ, ನಿಧಾನವಾಗಿ ರೂಪಿಸಬೇಕಾಗುತ್ತದೆ. ಇಂದು ನಾವು ಹೇಳಬೇಕೆಂದಿರುವುದು ಇಷ್ಟೇ.

ನಮ್ಮೆಲ್ಲರಿಗೂ ಪರಿಚಿತವಾದ ಡೆವನ್ ಅವೆನ್ಯೂವನ್ನೇ ನೋಡೋಣ. ಒಂದು ಕಡೆ ಗಾಂಧಿ ಮಾರ್ಗ, ಇನ್ನೊಂದು ಕಡೆ ಗೋಲ್ಡಾ ಮೇಯರ್ ಅವೆನ್ಯೂ ಎಂಬ ಗೌರವದ ಹೆಸರುಗಳನ್ನು ಹೊತ್ತ ಆ ಬೀದಿಯಲ್ಲಿ ಪಟೇಲ್ ಬ್ರದರ್ಸ್‌ನವರ ಮೊದಲ ಅಂಗಡಿ ತೆರೆದದ್ದು 1974ರಲ್ಲಿ. ತೊಗರಿಬೇಳೆ, ಹುಣಸೆಹಣ್ಣು, ಕರಿಬೇವುಗಳಿಗಾಗಿ ಡೆಟ್ರಾಯಿಟ್ ಕಡೆಯಿಂದಲೂ ನಾಲ್ಕೈದು ಗಂಟೆ ಕಾರು ಓಡಿಸಿಕೊಂಡು ಬರುತ್ತಿದ್ದ ಸಂಸಾರಗಳುಂಟು. ಬಂದರೆ ಬೇಕಾದದ್ದು ಸಿಕ್ಕೇ ಸಿಗುತ್ತದೆಂಬ ನಂಬಿಕೆ ಅವರನ್ನು ಅಷ್ಟು ದೂರ ಎಳೆದು ತರುತ್ತಿತ್ತು. ಕರಿಬೇವಿಗೆಂದು ಬಂದವರು ಉಪ್ಪಿನಕಾಯಿಯನ್ನೂ ಅಗರಬತ್ತಿಯನ್ನೂ ಕೊಂಡು ಹೋಗುತ್ತಿದ್ದರು. ಅದೇ ಅಂಗಡಿಗಳ ಬಾಗಿಲ ಬಳಿ ಪುಕ್ಕಟೆ ಪತ್ರಿಕೆಗಳ ಕಟ್ಟುಗಳೂ ಇರುವುದುಂಟು. ಕೆಲವರು ಒಂದು ಪ್ರತಿಯನ್ನು ಚೀಲದೊಳಗೆ ಹಾಕಿಕೊಳ್ಳುತ್ತಾರೆ. ಮನೆಯಲ್ಲಿ ಅದು ಸೊಪ್ಪು ಬಿಡಿಸುವಾಗ ಕೆಳಗೆ ಹಾಸುವ ಕಾಗದವಾಗುತ್ತದೆ. ಆದಕಾರಣ ಪತ್ರಿಕೆ ಜನರ ಕೈಗೆ ತಲುಪುವುದು ಬೇರೆ, ಜನರು ಅದನ್ನು ಓದುವುದು ಬೇರೆ ಎಂಬುದನ್ನು ಮೊದಲೇ ಮನಗಾಣಬೇಕು.

ಈ ಅಂತರಕ್ಕೆ ಇದೇ ನಗರದಲ್ಲಿ ಇನ್ನೊಂದು ನಿದರ್ಶನವಿದೆ. 1962ರಿಂದ ಪಿ.ಎಲ್. 480 ಎಂಬ ಯೋಜನೆಯಡಿ ಲೈಬ್ರರಿ ಆಫ್ ಕಾಂಗ್ರೆಸ್ ಸಂಸ್ಥೆಯು ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳುಹಿಸತೊಡಗಿತು. ಹೀಗೆ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಕನ್ನಡ ಪುಸ್ತಕಗಳೂ ಬಂದವು. ಎ.ಕೆ. ರಾಮಾನುಜನ್ ಅವರು ಅಲ್ಲಿ ಮೂವತ್ತು ವರ್ಷ ಅಧ್ಯಾಪಕರಾಗಿದ್ದು, 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿ, ಆ ವಚನಗಳನ್ನು ಜಗತ್ತಿಗೆ ಪರಿಚಯಿಸಿದರು. ನಗರದ ದಕ್ಷಿಣ ಭಾಗದಲ್ಲಿ ಕನ್ನಡ ಪುಸ್ತಕಗಳು ಕಪಾಟು ತುಂಬಿ ನಿಂತಿದ್ದವು. ಉತ್ತರದ ಡೆವನ್ ಬೀದಿಯಲ್ಲಿ ಕನ್ನಡ ಬಲ್ಲವರು ಬೇಳೆ ಅಕ್ಕಿ ಕೊಳ್ಳುತ್ತಿದ್ದರು. ಒಂದೇ ಊರಿನಲ್ಲಿದ್ದರೂ ಪುಸ್ತಕವು ತಾನಾಗಿ ಓದುಗರಿದ್ದಲ್ಲಿಗೆ ನಡೆದು ಬರುವುದಿಲ್ಲ. ಯಾರಾದರೂ ಹೊತ್ತು ತರಬೇಕು.

ಹಾಗೆ ಹೊತ್ತು ತಂದವರೊಬ್ಬರನ್ನು ಇಲ್ಲಿ ಸ್ಮರಿಸುವುದು ಉಚಿತ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದರು. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಅಂದಿನಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸಂದ ಮೇಲೂ ಉತ್ತರ ಕರ್ನಾಟಕದಲ್ಲಿ ಕನ್ನಡ ಓದುವವರು ವಿರಳವಾಗಿದ್ದರು. ಮುಂಬಯಿ ಪ್ರಾಂತದ ಆಡಳಿತದಲ್ಲಿ ಅಲ್ಲಿನ ವಿದ್ಯಾವಂತರು ಮನೆಯಲ್ಲಿ ಕನ್ನಡ ಆಡಿ, ಓದಲು ಮರಾಠಿಯನ್ನು ಹಿಡಿಯುತ್ತಿದ್ದರು. ನಮ್ಮ ಇಂದಿನ ಸ್ಥಿತಿಗೆ ಇದು ದೂರದ್ದೇನೂ ಅಲ್ಲ. ಮರಾಠಿಯ ಜಾಗದಲ್ಲಿ ಇಂಗ್ಲಿಷನ್ನು ಇಟ್ಟುಕೊಂಡರೆ ಸಾಕು.

ಆ ನಾಡಿನಲ್ಲಿ ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಶಾಲಾ ಮಾಸ್ತರರು, ನಾವು ಗಳಗನಾಥರೆಂದು ಬಲ್ಲ ಮಹನೀಯರು, ಓದುಗರನ್ನು ಸೃಷ್ಟಿಸಲು ಹೊರಟರು. 1869ರಿಂದ 1942ರವರೆಗಿನ ಅವರ ಬದುಕು ಇದಕ್ಕೇ ಮುಡಿಪಾಯಿತು. ಅವರು ಎರಡು ಕೆಲಸ ಮಾಡಿದರು. ಜನ ಯಾವುದನ್ನು ಮರಾಠಿಯಲ್ಲಿ ಆಸೆಪಟ್ಟು ಓದುತ್ತಿದ್ದರೋ ಆ ಬಗೆಯ ಐತಿಹಾಸಿಕ ಕಾದಂಬರಿಗಳನ್ನು ಕನ್ನಡದಲ್ಲಿ ಕೊಟ್ಟರು. ವಿಜಯನಗರದ ಸ್ಥಾಪನೆಯನ್ನು ಕುರಿತ 'ಮಾಧವ ಕರುಣಾವಿಲಾಸ' 1923ರಲ್ಲಿ ಬಂದಿತು. ಅಗಡಿಯ ಆನಂದವನದಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯಲ್ಲಿ ಭಕ್ತಿಯ ಬೋಧೆಗೆಂದು ಬಂದ ಓದುಗ ಕಥೆಯನ್ನೂ ಸವಿಯುವಂತಾಯಿತು. ಎರಡನೆಯದಾಗಿ, ಅವರು ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕೊಳ್ಳುವವನ ಮುಖ ನೋಡಿ ಮಾರಿದ ಲೇಖಕನಿಗೆ ಓದುಗನ ರುಚಿ, ಬಡತನ, ಬಿಡುವು ಎಲ್ಲವೂ ತಿಳಿದಿರುತ್ತವೆ. ಅಂಚೆಯಲ್ಲಿ ನಾನ್ನೂರು ಪ್ರತಿಗಳನ್ನು ಕಳುಹಿಸಿ ಕೈತೊಳೆದುಕೊಂಡವನಿಗೆ ಅದು ತಿಳಿಯುವುದಿಲ್ಲ.

ಗಳಗನಾಥರು ಗಂಟು ಹೊತ್ತು ಗಳಿಸಿದ್ದನ್ನು ಧಾರವಾಡದ ಜಿ.ಬಿ. ಜೋಶಿಯವರು ಒಂದು ವ್ಯವಸ್ಥೆಯಾಗಿ ನೆಲೆಗೊಳಿಸಿದರು. ಅವರು ಗೆಳೆಯರೊಡನೆ 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಕ್ರಮ ಸರಳವಾದದ್ದು: ಚಂದಾದಾರರು ಮೊದಲೇ ಹಣ ಕೊಡಬೇಕು, ಗ್ರಂಥಮಾಲೆ ಕೊಟ್ಟ ಮಾತಿನಂತೆ ವರ್ಷ ವರ್ಷ ಪುಸ್ತಕ ಕೊಡಬೇಕು. ಯಾವ ಪುಸ್ತಕ ಬರುವುದೆಂದು ಓದುಗನಿಗೆ ತಿಳಿಯದು. ತಂದವರ ಮೇಲೆ ಅವನಿಗೆ ನಂಬಿಕೆಯುಂಟು. ಆ ನಂಬಿಕೆಯ ಬಲದಿಂದ ಗ್ರಂಥಮಾಲೆ ಹೊಸಬರನ್ನು ಅಚ್ಚುಹಾಕುವ ಧೈರ್ಯ ಮಾಡಿತು. 1961ರಲ್ಲಿ ಇಪ್ಪತ್ತಮೂರರ ಹರೆಯದ ಗಿರೀಶ ಕಾರ್ನಾಡರ 'ಯಯಾತಿ' ಬಂದದ್ದು ಅಲ್ಲಿಂದಲೇ. ಓದುಗರ ಬಳಗ ಗಟ್ಟಿಯಾಗಿದ್ದಲ್ಲಿ ಹೊಸ ಲೇಖಕನು ಹುಟ್ಟಲು ಸಾಧ್ಯ. ನಮ್ಮ ನಡುವೆಯೂ ಇಪ್ಪತ್ತಮೂರರ ಹುಡುಗನೋ ಹುಡುಗಿಯೋ ಒಂದು ಕಥೆ ಬರೆದಿಟ್ಟುಕೊಂಡಿರಬಹುದು. ಅದು ಹೊರಬರುವುದೋ ಇಲ್ಲವೋ ಎಂಬುದು ನಾವು ಈಗ ಎಷ್ಟು ಮನೆಗಳನ್ನು ನಂಬಿಕೆಯ ಮನೆಗಳನ್ನಾಗಿ ಮಾಡಿಕೊಳ್ಳುತ್ತೇವೆ ಎಂಬುದನ್ನು ಅವಲಂಬಿಸಿದೆ.

ಇನ್ನು ಜಾಹೀರಾತಿನ ವಿಚಾರ. 1980ರಲ್ಲಿ ಪಿ. ಲಂಕೇಶರು ತಮ್ಮ ವಾರಪತ್ರಿಕೆಯನ್ನು ಜಾಹೀರಾತುಗಳನ್ನು ಸ್ವೀಕರಿಸದೆ, ಕೊಂಡು ಓದುವವರ ಹಣದಿಂದಲೇ ನಡೆಸಿದರು. ನಮ್ಮ ಕೂಟಕ್ಕೆ ಅಷ್ಟು ಕಠಿಣ ವ್ರತ ಬೇಕಿಲ್ಲ. ಡೆವನ್ ಅವೆನ್ಯೂವಿನ ಸೀರೆ ಅಂಗಡಿಯವರೂ ಹೋಟೆಲಿನವರೂ ಸಹಾಯ ಮಾಡಿದರೆ ಕೃತಜ್ಞತೆಯಿಂದ ಸ್ವೀಕರಿಸೋಣ. ಆದರೆ ಜಾಹೀರಾತು ಪತ್ರಿಕೆಯನ್ನು ಅಚ್ಚು ಹಾಕಿಸಬಲ್ಲುದು, ಓದಿಸಲಾರದು. ಸ್ವಲ್ಪವೇ ಆದರೂ ಚಂದಾ ಇರಲಿ. ಹಣ ಕೊಟ್ಟವನು ಸಂಚಿಕೆ ತಡವಾದರೆ ಕೇಳುತ್ತಾನೆ, ಚೆನ್ನಾಗಿಲ್ಲದಿದ್ದರೆ ಬೈಯುತ್ತಾನೆ. ಆ ಬೈಗುಳವು ಪತ್ರಿಕೆಯ ಆಯುಸ್ಸನ್ನು ಹೆಚ್ಚಿಸುತ್ತದೆ.

ಈ ದೇಶದಲ್ಲಿ ನಮಗೆ ಹಿಂದಿನವರು ಹಾಕಿಕೊಟ್ಟ ದಾರಿ ಇದೆ. ಕನ್ನಡ ಅಕ್ಷರಗಳು ಕಂಪ್ಯೂಟರಿಗೆ ಸುಲಭವಾಗಿ ಒಗ್ಗದಿದ್ದ ಕಾಲದಲ್ಲಿ ಕೂಟಗಳ ವಾರ್ತಾಪತ್ರಗಳನ್ನು ಕೈಯಲ್ಲಿ ಬರೆದು, ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದರು. 1980ರ ದಶಕದಲ್ಲಿ ಶಿಕಾರಿಪುರ ಹರಿಹರೇಶ್ವರ ಅವರು 'ಅಮೆರಿಕನ್ನಡ' ಪತ್ರಿಕೆಯನ್ನು ಹೊರತಂದರು. ಅಕ್ಕ ವಿಶ್ವಕನ್ನಡ ಸಮ್ಮೇಳನ 2002ರಲ್ಲಿ ಡೆಟ್ರಾಯಿಟಿನಲ್ಲಿಯೂ 2008ರಲ್ಲಿ ಶಿಕಾಗೋದಲ್ಲಿಯೂ ನಡೆದಾಗ ಜನ ಸಾವಿರಗಟ್ಟಲೆ ಸೇರಿದ್ದರು. ಆದರೆ ಜಾತ್ರೆಗೆ ಬಂದವರೆಲ್ಲ ಓದುಗರೆಂದು ಎಣಿಸುವಂತಿಲ್ಲ. ತೇರು ಎಳೆದ ಮೇಲೆ ಊರಿಗೆ ಮರಳುವ ಜನರ ಮನೆಯಲ್ಲಿ ಸೋಮವಾರದ ಸಂಜೆ ಏನು ನಡೆಯುತ್ತದೆ ಎಂಬುದೇ ನಮ್ಮ ಪತ್ರಿಕೆಯ ಅಳಿವು ಉಳಿವಿನ ಪ್ರಶ್ನೆ.

ಆ ಸೋಮವಾರದ ಸಂಜೆಯ ಮನೆಯನ್ನು ಸ್ವಲ್ಪ ಹೊಕ್ಕು ನೋಡೋಣ. ತಂದೆ ತಾಯಿಗೆ ಕನ್ನಡ ಓದಲು ಬರುತ್ತದೆ, ಬಿಡುವಿಲ್ಲ. ಊರಿನಿಂದ ಆರು ತಿಂಗಳಿಗೆಂದು ಬಂದಿರುವ ಅಜ್ಜಿಗೆ ಬೇಕಾದಷ್ಟು ಬಿಡುವಿದೆ; ಕಣ್ಣು ಮಂಜಾಗಿದೆ. ಭಾನುವಾರದ ಕನ್ನಡ ತರಗತಿಗೆ ಹೋಗುವ ಮೊಮ್ಮಗಳಿಗೆ ಕಾಗುಣಿತ ಬಂದಿದೆ. ಅರ್ಥ ಅರ್ಧಕ್ಕರ್ಧ ತಿಳಿಯದು. ಬಿಡಿಬಿಡಿಯಾಗಿ ಎಣಿಸಿದರೆ ಈ ಮನೆಯಲ್ಲಿ ಒಬ್ಬ ಓದುಗರೂ ಇಲ್ಲ. ಆದರೆ ನಮ್ಮ ಲಿಪಿಯ ಒಂದು ಗುಣವುಂಟು: ಬರೆದದ್ದನ್ನು ಬಹುಮಟ್ಟಿಗೆ ಹಾಗೆಯೇ ಉಚ್ಚರಿಸಬಹುದು. ಅಕ್ಷರ ಬಲ್ಲ ಮಗು ಅರ್ಥ ತಿಳಿಯದಿದ್ದರೂ ಗಟ್ಟಿಯಾಗಿ ಓದಬಲ್ಲುದು. ಮೊಮ್ಮಗಳು ಓದಿ, ಅಜ್ಜಿ ಕೇಳಿ, ತಿಳಿಯದ ಮಾತಿಗೆ ಅಜ್ಜಿ ಅರ್ಥ ಹೇಳಿದರೆ, ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿರುವ ತಂದೆ ತಾಯಿಯ ಕಿವಿಗೂ ಅದು ಬೀಳುತ್ತದೆ. ಆಗ ಇಡೀ ಮನೆ ಸೇರಿ ಒಬ್ಬ ಓದುಗನಾಗುತ್ತದೆ.

ಇದು ನಮಗೆ ಹೊಸದಲ್ಲ. ಓದು ಬರಹ ಕಲಿಯದ ಕನ್ನಡಿಗರೂ ಕಾವ್ಯದ ಮರ್ಮವನ್ನು ಬಲ್ಲವರೆಂಬ ಅಭಿಪ್ರಾಯ ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿಯೇ ಇದೆ. ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿ ಭಾರತವನ್ನೂ ಹಳ್ಳಿಯ ಜಗಲಿಗಳಲ್ಲಿ ಒಬ್ಬರು ಓದುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು, ಊರು ಕೇಳುತ್ತಿತ್ತು. ಒಂದು ಪ್ರತಿಗೆ ಐವತ್ತು ಕಿವಿಗಳಿದ್ದ ನಾಡು ನಮ್ಮದು. ಒಬ್ಬನೇ ಮೂಲೆಯಲ್ಲಿ ಕುಳಿತು ಮನಸ್ಸಿನಲ್ಲೇ ಓದುವುದು ಆಮೇಲೆ ಬಂದ ಅಭ್ಯಾಸ. ಅಮೆರಿಕದ ಕನ್ನಡ ಮನೆ, ಬೇರೆ ಕಾರಣಗಳಿಂದ, ಮತ್ತೆ ಆ ಜಗಲಿಯ ಸ್ಥಿತಿಗೆ ಬಂದು ನಿಂತಿದೆ. ಇದನ್ನು ಕೊರತೆಯೆಂದು ಕೊರಗುವ ಬದಲು ಅದಕ್ಕೆ ತಕ್ಕ ಪತ್ರಿಕೆಯನ್ನು ಮಾಡುವುದು ಜಾಣತನ.

ಆದ್ದರಿಂದ ಸಂಪಾದಕ ಮಂಡಳಿಯ ಮುಂದೆ ಕೆಲವು ಸೂಚನೆಗಳನ್ನು ವಿನಯದಿಂದ ಇಡುತ್ತೇವೆ. ಪ್ರತಿ ಸಂಚಿಕೆಯಲ್ಲಿ ಎರಡು ಪುಟಗಳಾದರೂ ಗಟ್ಟಿಯಾಗಿ ಓದುವುದಕ್ಕೆಂದೇ ಇರಲಿ: ದೊಡ್ಡ ಅಕ್ಷರ, ಚಿಕ್ಕ ವಾಕ್ಯ, ಹತ್ತು ನಿಮಿಷದಲ್ಲಿ ಮುಗಿಯುವ ಕಥೆ. ಸಭೆಯ ಸೂಚನೆಗಳನ್ನು ಬೇಕಿದ್ದರೆ ಇಂಗ್ಲಿಷಿನಲ್ಲಿ ಕೊಡಿ. ಆದರೆ ಕನ್ನಡವನ್ನು ರೋಮನ್ ಲಿಪಿಯಲ್ಲಿ ಅಚ್ಚುಹಾಕುವ ಸುಲಭದ ದಾರಿಯನ್ನು ಆ ಎರಡು ಪುಟಗಳಿಗೆ ಹಿಡಿಯಬೇಡಿ. ಕಲಿತ ಅಕ್ಷರಕ್ಕೆ ಕೆಲಸವಿಲ್ಲದಿದ್ದರೆ ಮಗು ಅದನ್ನು ಎರಡು ವರ್ಷದಲ್ಲಿ ಮರೆಯುತ್ತದೆ.

ಎರಡನೆಯದಾಗಿ, 'ಲೇಖನ ಕಳುಹಿಸಿ' ಎಂದು ಎಲ್ಲರಿಗೂ ಒಂದೇ ಮನವಿ ಮಾಡಬೇಡಿ. ಅದಕ್ಕೆ ಯಾರೂ ಉತ್ತರಿಸುವುದಿಲ್ಲ. ನಿಮ್ಮ ಊರಿನ ಸಂತೆ ಯಾವ ವಾರ, ಅಲ್ಲಿಂದ ಮಕ್ಕಳಿಗೆ ಏನು ತರುತ್ತಿದ್ದರು ಎಂದು ಒಬ್ಬೊಬ್ಬರನ್ನೇ ಕೇಳಿ. ಧಾರವಾಡದವರು, ಕುಂದಾಪುರದವರು, ಮಂಡ್ಯದವರು, ಕಾಸರಗೋಡಿನವರು ತಮ್ಮ ತಮ್ಮ ಮಾತಿನ ವರಸೆಯಲ್ಲೇ ಹತ್ತು ಸಾಲು ಬರೆಯುತ್ತಾರೆ. ಹತ್ತು ಸಾಲು ಬರೆದವರ ಮನೆಯಲ್ಲಿ ಆ ಸಂಚಿಕೆ ಓದಿಸಿಕೊಳ್ಳುತ್ತದೆ. ಅವರ ನೆಂಟರ ಮನೆಯಲ್ಲೂ ಓದಿಸಿಕೊಳ್ಳುತ್ತದೆ.

ಮೂರನೆಯದಾಗಿ, ದಿನಾಂಕ ತಪ್ಪಬಾರದು. ಯುಗಾದಿಗೆ ಒಂದು, ಗಣೇಶನ ಹಬ್ಬಕ್ಕೆ ಒಂದು, ರಾಜ್ಯೋತ್ಸವಕ್ಕೆ ಒಂದು, ಸಂಕ್ರಾಂತಿಗೆ ಒಂದು ಎಂದು ಗೊತ್ತುಮಾಡಿಕೊಂಡರೆ ಹಬ್ಬ ಬಂದಾಗ ಜನ ತಾವಾಗಿ ಪತ್ರಿಕೆಯನ್ನು ನಿರೀಕ್ಷಿಸುತ್ತಾರೆ. ಅರವತ್ತು ಪುಟದ ಸಂಚಿಕೆ ತಡವಾಗುವುದಕ್ಕಿಂತ ಹದಿನಾರು ಪುಟದ್ದು ಹಬ್ಬದ ಮುನ್ನಾದಿನ ಮನೆ ಸೇರುವುದು ಮೇಲು.

ಕೊನೆಯದಾಗಿ, ಮೊದಲ ವರ್ಷ ನಲವತ್ತು ಮನೆಗಳು ಸಾಕು. ಸಮಿತಿಯ ಎಂಟು ಜನ ತಲಾ ಐದು ಮನೆಗಳನ್ನು ವಹಿಸಿಕೊಳ್ಳಲಿ. ಸಂಚಿಕೆಯನ್ನು ಕೈಯಾರೆ ಕೊಟ್ಟು, ಹದಿನೈದು ದಿನ ಬಿಟ್ಟು ಫೋನು ಮಾಡಿ, ಯಾವುದನ್ನು ಓದಿದಿರಿ, ಯಾರು ಓದಿದರು, ಮಗು ಎಲ್ಲಿ ಎಡವಿತು ಎಂದು ವಿಚಾರಿಸಲಿ. ಗಳಗನಾಥರು ತಲೆಯ ಮೇಲೆ ಹೊತ್ತ ಗಂಟಿನ ಭಾರಕ್ಕೆ ಹೋಲಿಸಿದರೆ ಐದು ಮನೆಗಳ ಈ ಹೊಣೆ ಹಗುರವಾದದ್ದು. ಆ ನಲವತ್ತು ಮನೆಗಳ ಹೆಸರನ್ನು ಬರೆದುಕೊಳ್ಳುವ ಕೆಲಸ ಇಂದು ಊಟಕ್ಕೆ ಏಳುವ ಮುನ್ನವೇ ಆರಂಭವಾಗಲಿ ಎಂದು ಕೋರುತ್ತೇವೆ.