ಯಾರ ಖಾತೆಗೆ ಈ ಲೇಖಕ?

ಸಾಹಿತ್ಯದ ಬಗ್ಗೆ ಮಾತಾಡಲು ಲೆಕ್ಕಪರಿಶೋಧಕನನ್ನು ಯಾಕೆ ಕರೆದಿರೋ ಗೊತ್ತಿಲ್ಲ. ಹೇಳಿದ ಸಮಯಕ್ಕೆ ಮುಗಿಸುತ್ತಾನೆ ಎಂಬ ನಂಬಿಕೆ ಇರಬೇಕು.

ನನ್ನ ಮಗಳು ಇಲ್ಲಿಯ ಗಿಮ್ನಾಸಿಯಂನಲ್ಲಿ ಓದುತ್ತಾಳೆ. ಅವಳ ಜರ್ಮನ್ ಪಠ್ಯ ತಿರುವುವಾಗ ನನಗೆ ಹೊಳೆಯುವುದು ಕಸುಬಿನ ಪ್ರಶ್ನೆಯೇ: ಈ ಲೇಖಕರನ್ನು ಯಾವ ಖಾತೆಗೆ ಹಾಕುವುದು? ಕಾಫ್ಕಾ ಪ್ರಾಗ್‌ನವರು. ಪೌಲ್ ಸೆಲಾನ್ ಹುಟ್ಟಿದ ಚೆರ್ನೊವಿಟ್ಸ್ ಈಗ ಉಕ್ರೇನ್‌ನಲ್ಲಿದೆ. ಅವರು ತೀರಿಕೊಂಡದ್ದು ಪ್ಯಾರಿಸ್‌ನಲ್ಲಿ. ಎಲಿಯಾಸ್ ಕನೆಟ್ಟಿ ಬಲ್ಗೇರಿಯಾದವರು, ಮನೆಮಾತು ಲಾಡಿನೊ, ಜರ್ಮನ್ ಕಲಿತದ್ದು ಎಂಟರ ವಯಸ್ಸಿನಲ್ಲಿ, ತಾಯಿಯಿಂದ. 1981ರಲ್ಲಿ ನೊಬೆಲ್ ಬಂದಾಗ ಅವರು ಬ್ರಿಟಿಷ್ ಪ್ರಜೆ. ಈ ಮೂವರನ್ನು ತೆಗೆದುಬಿಟ್ಟರೆ ಪಾಠದಲ್ಲಿ ಎಂಥ ತೂತು ಬೀಳುತ್ತದೆ ನೋಡಿ.

ಗೆರ್ವಿನಸ್ ಎಂಬ ಇತಿಹಾಸಕಾರ ಜರ್ಮನರ ರಾಷ್ಟ್ರಸಾಹಿತ್ಯದ ಚರಿತ್ರೆ ಪ್ರಕಟಿಸತೊಡಗಿದ್ದು 1835ರಲ್ಲಿ. ದೇಶ ಒಂದಾದದ್ದು 1871ರಲ್ಲಿ. ಕಂಪನಿ ನೋಂದಣಿಗೆ ಮುಂಚೆಯೇ ಬ್ಯಾಲೆನ್ಸ್ ಶೀಟ್! ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. 1956ಕ್ಕೆ ಮುಂಚೆ ಹರಿದು ಹಂಚಿಹೋಗಿದ್ದ ನಮ್ಮವರೂ ಸಾಹಿತ್ಯವನ್ನೇ ಹಿಡಿದು ನಾಡು ಕಟ್ಟಿದರು. ಕೆಟ್ಟದ್ದು ಶುರುವಾದದ್ದು ಪಟ್ಟಿಯಿಂದ ಹೆಸರು ಹೊಡೆದುಹಾಕಿದಾಗ. 1933ರ ಮೇ 10ರಂದು ಬಾನ್‌ನಲ್ಲಿ ಪುಸ್ತಕ ಸುಡುವಾಗ ಭಾಷಣ ಮಾಡಿದವರಲ್ಲಿ ಜರ್ಮನ್ ಸಾಹಿತ್ಯದ ಪ್ರಾಧ್ಯಾಪಕರೇ ಇದ್ದರು. ತಮ್ಮ ವಿಷಯದೊಳಗಿನ ರಾಷ್ಟ್ರೀಯವಾದವನ್ನು ಈ ಅಧ್ಯಾಪಕ ವರ್ಗ ಸಮ್ಮೇಳನದಲ್ಲಿಟ್ಟು ಪರೀಕ್ಷಿಸಿದ್ದು 1966ರಲ್ಲಿ, ಮ್ಯೂನಿಕ್‌ನಲ್ಲಿ. ಆಡಿಟ್ ಬಹಳ ತಡವಾಯಿತು.

ಆಮೇಲೆ ನಮ್ಮಂಥವರು ಬಂದರು. ಮಾತೃಭಾಷೆ ಬೇರೆಯಾಗಿದ್ದೂ ಜರ್ಮನ್‌ನಲ್ಲಿ ಬರೆಯುವವರಿಗೆಂದು 1985ರಿಂದ ಶಮಿಸ್ಸೊ ಪ್ರಶಸ್ತಿ ಇತ್ತು. 2017ರಲ್ಲಿ ಕೊನೆಯದು ಕೊಟ್ಟರು. ಉದ್ದೇಶ ಒಳ್ಳೆಯದೇ. ಆದರೆ ನನ್ನ ಕಣ್ಣಿಗೆ ಅದು ಸಸ್ಪೆನ್ಸ್ ಅಕೌಂಟ್: ಎಲ್ಲಿಗೆ ಸೇರಿಸಬೇಕೆಂದು ತೋಚದ ಮೊತ್ತವನ್ನು ಸದ್ಯಕ್ಕೆ ಇಡುವ ಜಾಗ. 1965ರಲ್ಲಿ ಬರ್ಲಿನ್ನಿನ ಕಾರ್ಖಾನೆಗೆ ದುಡಿಯಲು ಬಂದ ತುರ್ಕಿ ಹುಡುಗಿ ಎಮಿನೆ ಸೆವ್ಗಿ ಓಜ್ದಮಾರ್. ಅವರಿಗೆ 2022ರಲ್ಲಿ ಬ್ಯೂಶ್ನರ್ ಪ್ರಶಸ್ತಿ ಬಂತು, ಅಂದರೆ ಮುಖ್ಯ ಖಾತೆಗೇ ಜಮಾ.

ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಕಾರ್ನಾಡರದು ಕೊಂಕಣಿ. ಅವರಿಗಾಗಿ ನಾವು ಬೇರೆ ಕಪಾಟು ಮಾಡಲಿಲ್ಲವಲ್ಲ! ನಾಳೆ ನಮ್ಮ ಮಕ್ಕಳು ದಾವಣಗೆರೆಯ ಅಜ್ಜಿಯ ಬಗ್ಗೆ ಜರ್ಮನ್‌ನಲ್ಲಿ ಬರೆದರೆ ಅದು ಜರ್ಮನ್ ಸಾಹಿತ್ಯವೇ. ಕನ್ನಡಕ್ಕೆ ಬರಲಿಲ್ಲವಲ್ಲ ಎಂದು ಹೊಟ್ಟೆಯಲ್ಲಿ ಸ್ವಲ್ಪ ಸಂಕಟವಾಗುತ್ತದೆ, ಆಗಲಿ. ಮುಂದಿನ ಪೋಷಕರ ಸಭೆಯಲ್ಲಿ ಅಂಕ ಕೇಳಿದ ಮೇಲೆ, ಓಜ್ದಮಾರ್ ಅವರನ್ನು ಯಾವ ತರಗತಿಯಲ್ಲಿ ಓದಿಸುತ್ತೀರಿ ಎಂದೂ ಕೇಳಿ. ನಾನಂತೂ ಕೇಳುವವನಿದ್ದೇನೆ.